ಮದ್ದು ಕಿತ್ತ ಜಾಗ

ಗೊರಗುಂಟೆಪಾಳ್ಯದ ಮುನಿಯಲ್ಲಮ್ಮ ಕೊಡುತ್ತಿದ್ದ ಕಾಮಾಲೆ ಮದ್ದಿಗೆ ಯಲಹಂಕದಿಂದಲೂ ಜನ ಬರುತ್ತಿದ್ದರು. ಮದ್ದೆಂದರೆ ನೆಲನೆಲ್ಲಿ; ಬೇರುಸಮೇತ ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡುವುದು. ಅದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಗೊತ್ತಿಲ್ಲದ್ದು ಕೀಳುವ ಜಾಗ ಮಾತ್ರ. ಆ ಜಾಗ ಯಾರಿಗೂ ತೋರಿಸಕೂಡದು, ಅಲ್ಲಿನ ಸೊಪ್ಪನ್ನು ಅರೆಯದೆ ಇನ್ನೊಬ್ಬರ ಕೈಗಿಡಕೂಡದು, ಇಟ್ಟರೆ ಕೈಗುಣ ಹೋಗುತ್ತದೆ ಎಂದು ಅತ್ತೆ ಸಾಯುವ ಮುಂಚೆ ಆಣೆ ಹಾಕಿಸಿಕೊಂಡಿದ್ದಳು.

ಅತ್ತೆ ತೋರಿಸಿದ್ದ ಹೊಲದ ಬದುಗಳು ಅರವತ್ತೆರಡನೇ ಇಸವಿಯಲ್ಲಿ ಕಾರ್ಖಾನೆಯ ಕಾಂಪೌಂಡಿನೊಳಗೆ ಸೇರಿಹೋದವು. ಮುನಿಯಲ್ಲಮ್ಮ ಅಲೆದಾಡಿ ಬೇರೆ ಜಾಗ ಕಂಡುಕೊಂಡಳು. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡೊಂದರ ಹಿಂದೆ, ಮೋರಿಯ ದಂಡೆ. ಅತ್ತ ಜನ ಸುಳಿಯುತ್ತಿರಲಿಲ್ಲ, ದನಗಳೂ ಬಾಯಿ ಹಾಕುತ್ತಿರಲಿಲ್ಲ. ದನ ಮೂಸದ್ದನ್ನು ಮನುಷ್ಯರಿಗೆ ಕೊಡಬಾರದೆಂಬ ಬುದ್ಧಿ ಅವಳಿಗಿರಲಿಲ್ಲವೇ? ಇತ್ತು. ಗುಟ್ಟು ಉಳಿಯಿತಲ್ಲ ಎಂಬ ಖುಷಿಯಲ್ಲಿ ಅದಕ್ಕೆ ಮಂಕು ಕವಿಯಿತು, ಅಷ್ಟೆ.

ಆ ಮಳೆಗಾಲದಲ್ಲಿ, ಐದು ತಿಂಗಳ ಬಸುರಿಯಾಗಿದ್ದ ಅವಳ ಮಗಳು ಗೌರಮ್ಮನಿಗೇ ಕಾಮಾಲೆ ಬಂತು. ಇರುವುದೊಬ್ಬಳೇ ಮಗಳು. ಮೂರು ದಿನದ ಮದ್ದನ್ನು ತಾಯಿ ಮೂರು ವಾರ ಕುಡಿಸಿದಳು. ಕಣ್ಣಿನ ಹಳದಿ ಇಳಿಯಿತು. ಆದರೆ ಹೊಟ್ಟೆ ಹಿಂಡತೊಡಗಿತು, ಬಲಗೈ ಮಣಿಕಟ್ಟಿನಿಂದ ಜೋತುಬಿತ್ತು. ಅಳಿಯ ಲಕ್ಕಣ್ಣ ಅವಳನ್ನು ಆಸ್ಪತ್ರೆಗೆ ಸೇರಿಸಿದ.

ಆಸ್ಪತ್ರೆಯ ಲ್ಯಾಬಿನ ವೆಂಕಟರಾಮಯ್ಯ ಮದ್ದಿನ ವಿಷಯ ತಿಳಿದು ಬಂದು ಕೇಳಿದರು. "ಸೊಪ್ಪು ಒಳ್ಳೇದೇ ಕಣಮ್ಮ. ಆದ್ರೆ ಮಣ್ಣಲ್ಲಿ ಏನಿರುತ್ತೋ ಅದು ಸೊಪ್ಪಿಗೂ ಏರುತ್ತೆ. ಕಿತ್ತ ಜಾಗ ತೋರ್ಸಿ, ಪರೀಕ್ಷೆ ಮಾಡ್ತೀನಿ."

"ನೀವ್ಯಾಕೆ ಬರ್ತೀರಾ ಸ್ವಾಮಿ, ನಾನೇ ತಂದ್ಕೊಡ್ತೀನಿ" ಎಂದಳು ಮುನಿಯಲ್ಲಮ್ಮ. ಗಿಡ ಒಂದೇ, ಎಲ್ಲಿ ಕಿತ್ತರೇನು ಎಂದುಕೊಂಡು ನೆರೆಯ ಸೊಣ್ಣಪ್ಪನ ರಾಗಿ ಹೊಲದ ಬದುವಿನಿಂದ ಒಂದು ಹಿಡಿ ಕಿತ್ತುಕೊಟ್ಟಳು. ಆಣೆಯೂ ಮುರಿಯಲಿಲ್ಲ, ಲ್ಯಾಬಿನವರ ಮಾತೂ ನಡೆಯಿತು.

ವೆಂಕಟರಾಮಯ್ಯ ಅದನ್ನು ಸುಟ್ಟು ಬೂದಿ ಮಾಡಿ ನೋಡಿ ಬಂದರು. "ಸುಣ್ಣ, ಕಬ್ಬಿಣ ಚೆನ್ನಾಗಿದೆ. ವಿಷ ಏನೂ ಇಲ್ಲ. ಬೇಕಿದ್ರೆ ಕೊಡಿ."

ಮುನಿಯಲ್ಲಮ್ಮನಿಗೆ ಜೀವ ಬಂದ ಹಾಗಾಯಿತು. ದಿನಾ ನಸುಕಿಗೇ ಮೋರಿ ದಂಡೆಗೆ ಹೋಗಿ ಕಿತ್ತು, ಅರೆದು, ಚೊಂಬಿನಲ್ಲಿ ತಂದು, ಡಾಕ್ಟರ ಎದುರಿಗೇ ಕುಡಿಸಿದಳು. ಡಾಕ್ಟರು ಕಾಯಿಲೆಯ ಮೂಲವನ್ನು ಬೇರೆಲ್ಲೋ ಹುಡುಕುತ್ತಿದ್ದರು. ಎಂಟನೆಯ ದಿನ ಗೌರಮ್ಮನ ಬಸಿರು ಇಳಿದುಹೋಯಿತು.

ಮಾರನೆಯ ಬೆಳಿಗ್ಗೆ ವೆಂಕಟರಾಮಯ್ಯ ಮತ್ತೆ ಬಂದರು. ಮುಖ ಬಾಡಿತ್ತು. "ಒಸಡಲ್ಲಿ ನೀಲಿ ಗೆರೆ ಕಾಣಿಸ್ಕೊಂಡಿದೆ. ಇದು ಸೀಸದ ವಿಷ. ಸೊಪ್ಪಲ್ಲಿ ಇಲ್ಲ ಅಂತಾಯ್ತು. ನಿಮ್ ಮನೆ ಹತ್ರ ಸೀಸ ಎಲ್ಲಿದೆಯಮ್ಮ, ನೆನಪ್ ಮಾಡ್ಕೊಳ್ಳಿ."

ಸೀಸ ಎಂಬ ಮಾತು ಕಿವಿಗೆ ಬಿದ್ದದ್ದೇ ಮುನಿಯಲ್ಲಮ್ಮ ಕೈಲಿದ್ದ ಚೊಂಬು ಕೆಳಗಿಟ್ಟಳು. ಅತ್ತೆ, ಆಣೆ, ಕೈಗುಣ ಯಾವುದೂ ನೆನಪಾಗಲಿಲ್ಲ. ಅವರ ಕಾಲು ಹಿಡಿದುಕೊಂಡು ಎಲ್ಲವನ್ನೂ ಹೇಳಿಬಿಟ್ಟಳು. ಶೆಡ್ಡು, ಮೋರಿ, ಸೊಣ್ಣಪ್ಪನ ಹೊಲ.

ವೆಂಕಟರಾಮಯ್ಯ ಬಗ್ಗಿ ಚೊಂಬಿನೊಳಗೆ ನೋಡಿದರು. "ಇವತ್ತೂ ಕುಡಿಸಿದ್ರಾ?"

"ಈಗ್ತಾನೆ ಕುಡಿಸ್ದೆ ಸ್ವಾಮಿ. ಅಮ್ಮ ಕೊಟ್ಟಿದ್ದು ಅಂತ ಒಂದ್ ತೊಟ್ಟೂ ಬಿಡ್ದಂಗೆ ಕುಡುದ್ಲು."

ಮಧ್ಯಾಹ್ನ ಗೌರಮ್ಮನಿಗೆ ಫಿಟ್ಸ್ ಬಂತು. ಸಂಜೆಯವರೆಗೂ ಅವಳು ಉಳಿಯಲಿಲ್ಲ.