ನಾಲ್ಕು ಬೆರಳಿನ ಹೊಸ್ತಿಲು

ಗಾಲಿಕುರ್ಚಿಗೆಂದು ತಾವು ಕಟ್ಟಿಸಿದ ಶಾಲೆಯ ಇಳಿಜಾರು ಮುಗಿದ ದಿನ ಪ್ರೊಫೆಸರ್ ವಕುಳಾದೇವಿ ಕೈಚೀಲದಿಂದ ರಬ್ಬರ್ ಚೆಂಡೊಂದನ್ನು ತೆಗೆದು ಮೇಲ್ತುದಿಯಲ್ಲಿ ಬಿಟ್ಟರು. ಚೆಂಡು ಬೀಗರ ಮನೆಗೆ ಹೊರಟ ಹಿರಿಯರ ಹಾಗೆ ಅವಸರವಿಲ್ಲದೆ ಇಳಿಯಿತು. ಕಟ್ಟಡಗಳು ಮಕ್ಕಳ ಆರೋಗ್ಯವನ್ನೂ ಓದನ್ನೂ ಹೇಗೆ ಕಟ್ಟುತ್ತವೆ, ಹೇಗೆ ಕೆಡವುತ್ತವೆ ಎಂಬುದು ಅವರ ಸಂಶೋಧನೆ. ವರಂಗಲ್ಲಿನ ಈ ಹೆಣ್ಣುಮಕ್ಕಳ ಶಾಲೆ ಅದರ ಕೊನೆಯ ಅಧ್ಯಾಯ.

ಕೆಳಗೆ ಗಾಲಿಕುರ್ಚಿಯಲ್ಲಿ ಕಾದಿದ್ದ ಸಮ್ಮಕ್ಕ ಚೆಂಡನ್ನು ಹಿಡಿದಳು. ಒಂಬತ್ತನೆಯ ತರಗತಿ ಮುಗಿಯುವವರೆಗೂ ಅಪ್ಪ ಕೊಮುರಯ್ಯನ ಬೆನ್ನ ಮೇಲೆ ಮೆಟ್ಟಿಲೇರಿದ ಹುಡುಗಿ ಅವಳು. ಈಗ ಅಪ್ಪನ ಸೊಂಟ ಹೋಗಿತ್ತು. ಇಳಿಜಾರಿಲ್ಲದೆ ಅವಳಿಗೆ ಹತ್ತನೆಯ ತರಗತಿಯೂ ಇಲ್ಲ.

"ನೋಡಿ ಮಕ್ಕಳೇ," ಎಂದಳು ಸಮ್ಮಕ್ಕ, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಥೇಟ್ ವಕುಳಾದೇವಿಯ ದನಿಯಲ್ಲಿ. "ಕಟ್ಟಡಕ್ಕೆ ಕಾಲಿಲ್ಲ. ಆದ್ರೂ ಅದು ಒದೆಯುತ್ತೆ!"

ಹುಡುಗಿಯರು ಹೊಟ್ಟೆ ಹಿಡಿದುಕೊಂಡರು. ಎಲ್ಲರಿಗಿಂತ ಜಾಸ್ತಿ ನಕ್ಕವರು ವಕುಳಾದೇವಿಯೇ.

ಆ ನಗು ಬಹಳ ದಿನ ಬಾಳಲಿಲ್ಲ. ಶಾಲೆಯ ಒಡೆಯ ರಂಗಾರಾವುಗಾರು ಫೋನ್ ಮಾಡಿದರು. ಅವರ ಅಳಿಯನ ಕಾರು ಲಾರಿಗೆ ಗುದ್ದಿತ್ತು, ಹತ್ತಿ ಗಿರಣಿಗೆ ಬೆಂಕಿ ಬಿದ್ದಿತ್ತು, ವಾಸ್ತು ಪಂಡಿತರು ಬಂದು ನೋಡಿದ್ದರು.

"ನೈಋತ್ಯ ಮೂಲೆಗೆ ಜಾರು ಬಿಟ್ಟಿದೀರಂತೆ ಮೇಡಂ. ಲಕ್ಷ್ಮಿ ಉರುಳ್ಕೊಂಡು ಬೀದಿಗೆ ಹೋಗ್ತಾಳಂತೆ. ಒಡೆಸಿಬಿಡ್ತೀನಿ."

"ಬೇಡ ರಂಗಾರಾವುಗಾರು! ಅಷ್ಟುದ್ದದ ಜಾಗ ಬೇರೆ ಕಡೆ ಇಲ್ಲ. ಆ ಹುಡುಗಿ ಹೇಗೆ ಬರ್ಬೇಕು?"

"ಲಕ್ಷ್ಮಿ ಹೋದ್ಮೇಲೆ ಸರಸ್ವತಿಗೆ ಬಾಡಿಗೆ ಕಟ್ಟೋರು ಯಾರು ಹೇಳಿ? ಪಂಡಿತರು ಒಂದು ದಾರಿನೂ ಹೇಳಿದಾರೆ. ಮೇಲಿನ ಬಾಗಿಲಿಗೆ ಹೊಸ್ತಿಲು. ನಾಲ್ಕೇ ಬೆರಳು."

ಒಂದು ಬೆರಳೂ ಕೂಡದೆಂದು ವಕುಳಾದೇವಿಯೇ ಹತ್ತು ಕಡೆ ಬರೆದಿದ್ದರು. ಆದರೆ ಇಳಿಜಾರಾದರೂ ಉಳಿಯುತ್ತದಲ್ಲ. ಚಕ್ರ ಎತ್ತಿಕೊಡಲು ಗೆಳತಿಯರಿದ್ದಾರೆ. ಅಲ್ಲದೆ ತಮ್ಮ ಮನೆಯ ಹೊಸ್ತಿಲಿಗೆ ಶುಕ್ರವಾರ ಶುಕ್ರವಾರ ಅರಿಸಿನ ಹಚ್ಚುವವರೂ ಈ ವಕುಳಾದೇವಿಯೇ.

"ನಾಲ್ಕೇ ಬೆರಳು ತಾನೇ? ಆಗ್ಲಿ," ಎಂದರು.

ಹೊಸ್ತಿಲು ಎದ್ದ ಮೇಲೆ ತಮ್ಮ ವರದಿಗೆ ಇಳಿಜಾರಿನ ಚಿತ್ರವನ್ನು ಕೆಳಗಿನಿಂದ ತೆಗೆಸಿದರು. ಕೆಳಗಿನಿಂದ ಹೊಸ್ತಿಲು ಕಾಣುತ್ತಿರಲಿಲ್ಲ.

ಹೊಸ್ತಿಲಿಗೆ ಅರಿಸಿನ ಬಿತ್ತು, ಕುಂಕುಮ ಬಿತ್ತು, ಮೇಲೆ ತೋರಣ ಏರಿತು. ಅಲ್ಲಿಗೆ ಅದು ಸಿಮೆಂಟಾಗಿ ಉಳಿಯಲಿಲ್ಲ, ಲಕ್ಷ್ಮಿಯಾಯಿತು. ಅದನ್ನು ತುಳಿಯುವ ಎದೆ ಯಾವ ಹುಡುಗಿಗಿದೆ? ಗೆಳತಿಯರು ಕುರ್ಚಿಯನ್ನು ಪೂರ್ತಿ ಎತ್ತಿ, ಕೊಕ್ಕರೆಗಳ ಹಾಗೆ ಕಾಲೆತ್ತಿ ದಾಟಿಸುತ್ತಿದ್ದರು. "ಪಲ್ಲಕ್ಕಿ ಬಂತು, ಪರಾಕ್!" ಎಂದು ಸಮ್ಮಕ್ಕ ಕೂಗುತ್ತಿದ್ದಳು.

ಒಂದು ಶುಕ್ರವಾರ ಶಾಲೆ ಬಿಟ್ಟಾಗ ಸ್ವರೂಪ ಎಂಬ ಗೆಳತಿ ಕುರ್ಚಿಯ ಮುಂಭಾಗ ಹಿಡಿದು, ಹಿಮ್ಮುಖವಾಗಿ ಬಾಗಿಲು ದಾಟುತ್ತಿದ್ದಳು. ಹಿಮ್ಮಡಿ ಹಸಿ ಅರಿಸಿನದ ಮೇಲೆ ಬಿತ್ತು. "ಅಯ್ಯೋ, ತುಳಿದೆ!" ಎಂದವಳೇ, ಹುಟ್ಟಿದಾಗಿನಿಂದ ಕಲಿತದ್ದನ್ನು ಮಾಡಿದಳು: ಬಾಗಿ, ಹೊಸ್ತಿಲು ಮುಟ್ಟಿ, ಕಣ್ಣಿಗೊತ್ತಿಕೊಂಡಳು. ಅದಕ್ಕೆ ಕೈ ಬೇಕಲ್ಲ. ಕುರ್ಚಿಯನ್ನು ಬಿಟ್ಟಳು.

ಸಮ್ಮಕ್ಕ ಇಳಿಜಾರಿನ ಅರ್ಧದವರೆಗೆ ಉರುಳಿದಳು. ಅವಳ ಮೇಲೆ ಕುರ್ಚಿ.

ಆಸ್ಪತ್ರೆಯಲ್ಲಿ ವಕುಳಾದೇವಿ ಮಂಚದ ಪಕ್ಕ ನಿಂತರು. ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಹೊರಗಿನ ಬೆಂಚಿನಲ್ಲಿ ಸ್ವರೂಪ ಮುದುಡಿಕೊಂಡಿದ್ದಳು. ಹೋಗಿಬರುವ ನೆಂಟರೆಲ್ಲ ಅವಳಿಗೆ ಕೇಳುವಂತೆಯೇ, "ಲಕ್ಷ್ಮೀನ ತುಳಿದ್ಲಂತೆ, ಇನ್ನೇನಾಗುತ್ತೆ?" ಎನ್ನುತ್ತಿದ್ದರು.

"ಹೊಸ್ತಿಲು ಕಟ್ತಾರೆ ಅಂತ ನಿಮಗೆ ಗೊತ್ತಿತ್ತಾ ಮೇಡಂ?" ಸಮ್ಮಕ್ಕ ಕೇಳಿದಳು.

"ಗೊತ್ತಿತ್ತು."

"ನಾಲ್ಕೇ ಬೆರಳು, ಆಗ್ಲಿ ಅಂದ್ರಂತೆ."

ಆ ಮಾತು ತಮ್ಮ ದನಿಯಲ್ಲಿ, ಜಾರಿದ ಕನ್ನಡಕದೊಂದಿಗೆ ಬಂದಿದ್ದರೆ ವಕುಳಾದೇವಿ ತಡೆದುಕೊಳ್ಳುತ್ತಿದ್ದರು. ಅದು ಸಮ್ಮಕ್ಕನ ಸ್ವಂತ ದನಿಯಲ್ಲೇ ಬಂದಿತ್ತು. ಹುಡುಗಿ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು.

ಮರುದಿನ ವಕುಳಾದೇವಿ ಸುತ್ತಿಗೆ ಹಿಡಿದು ಶಾಲೆಗೆ ಹೋದರು. ಕಂಬಕ್ಕೊರಗಿ ನಿಂತಿದ್ದ ರಂಗಾರಾವುಗಾರು ತಡೆಯಲಿಲ್ಲ.

"ಒಡೀರಿ ಮೇಡಂ. ಈ ಸಲ ಫೋಟೋ ಮೇಲಿಂದ ತೆಗೀರಿ."

ವಕುಳಾದೇವಿ ಸುತ್ತಿಗೆ ಎತ್ತಿದಾಗ ಅಂಗಾಲಿಗೆ ಸಿಮೆಂಟು ಚುರ್ರೆಂದಿತು. ನೋಡಿದರೆ, ಚಪ್ಪಲಿಯನ್ನು ಇಳಿಜಾರಿನ ಕೆಳಗೇ ಬಿಟ್ಟು ಬಂದಿದ್ದರು. ಯಾವಾಗ ಬಿಟ್ಟರೋ ಅವರಿಗೇ ತಿಳಿಯದು. ಬರಿಗಾಲಲ್ಲೇ ಒಡೆದರು. ಹಳದಿ ಚೂರುಗಳು ಸೀರೆಯ ಅಂಚಿಗೆ ಸಿಡಿದವು.

ಸಂಜೆ ಕೊಮುರಯ್ಯನಿಗೆ ಸುದ್ದಿ ಮುಟ್ಟಿಸಿದರು.

"ಒಳ್ಳೇದಾಯ್ತು ಮೇಡಂ," ಎಂದ ಅವನು. "ಬೇರೆ ಮಕ್ಕಳಿಗಾದ್ರೂ ಆಗುತ್ತೆ. ನಮ್ಮವಳು ಬರಲ್ಲ. ಕುರ್ಚಿ ಕಂಡ್ರೆ ನಡುಗ್ತಾಳೆ. ನನ್ನ ಬೆನ್ನೇ ಬೇಕಂತೆ. ಬೆನ್ನೆಲ್ಲಿದೆ?"

ಸೋಮವಾರ ವಕುಳಾದೇವಿ ಮತ್ತೆ ಹೋಗಿ ಬಾಗಿಲ ಬಳಿ ನಿಂತರು. ಒಡೆದ ಜಾಗವನ್ನು ಗಾರೆಯವನು ನುಣ್ಣಗೆ ಮಾಡಿದ್ದ. ಗಂಟೆ ಹೊಡೆಯಿತು. ಹುಡುಗಿಯರು ಬಂದರು, ಹೊಸ್ತಿಲಿಲ್ಲದ ಸಮ ನೆಲದ ಮೇಲೆ ಒಬ್ಬೊಬ್ಬಳಾಗಿ ಕಾಲೆತ್ತಿ ದಾಟಿದರು.

ಕೊನೆಯವಳು ಸ್ವರೂಪ. ದಾಟುವ ಮೊದಲು ಬಾಗಿ, ಬರಿ ನೆಲವನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡಳು.