ಒಮ್ಮೆ ಹಿಂದಿರುಗಿಸಿದ ಪತ್ರ

ಬಸ್ಸಿನ ಕಿಟಕಿ ಗಾಜಿನ ಮೇಲೆ ಯಾರದೋ ತಲೆಯೆಣ್ಣೆಯ ಗುರುತು, ಅಂಗೈ ಅಗಲದ ಮಸುಕು, ಅದರಾಚೆ ದಾವಣಗೆರೆ ಸರಿದು ಹೋಗುತ್ತಿದೆ — ಟೈರಿನ ಅಂಗಡಿ, ಕಲ್ಯಾಣಮಂಟಪ, ಶಾಲೆಯೊಂದರ ಕಾಂಪೌಂಡಿನ ಮೇಲೆ ಬಣ್ಣದಲ್ಲಿ ಬರೆದ ಸಿಂಹಗಳು, ಒಂದರ ಮೂಗಿನ ಕಡೆ ಗಾರೆ ಉದುರಿದೆ — ಹರಿಹರ ಒಂದು ಎಂದು ಪ್ರೇಮಲತಾ ಆಧಾರ್ ಕಾರ್ಡು ತೋರಿಸಿದಳು, ಕಂಡಕ್ಟರ್ ಶೂನ್ಯ ರೂಪಾಯಿಯ ಚೀಟಿ ಹರಿದು ಕೊಟ್ಟು ಮುಂದೆ ಹೋದ. ಶನಿವಾರ, ಎರಡು ಪೀರಿಯಡ್ ಮುಗಿಸಿ ಅರ್ಧ ದಿನದ ರಜೆ ಬರೆದುಕೊಟ್ಟು ಬಂದದ್ದು, ಪ್ರಿನ್ಸಿಪಾಲರು ಕಾರಣ ಕೇಳಲಿಲ್ಲ, ಕೇಳಿದ್ದರೆ ಏನು ಹೇಳುತ್ತಿದ್ದಳು, ತಂಗಿಯನ್ನು ಕೊಂದವನ ತಾಯಿಯನ್ನು ನೋಡಲು ಹೋಗುತ್ತಿದ್ದೇನೆ ಎನ್ನುತ್ತಿದ್ದಳೇ. ಹನ್ನೆರಡು ವರ್ಷವಾಯಿತು, ಅಂಬಿಕಾ ಇದ್ದಿದ್ದರೆ ಈಗ ನಲವತ್ತಾರು, ಅವಳ ಮಗಳು ತನುಶ್ರೀ ಹದಿನೆಂಟು, ನನ್ನ ಕ್ಲಾಸಿನಲ್ಲೇ ಕೂತಿರುತ್ತಿದ್ದಳೇನೋ — ಬೇಡ, ಆ ಲೆಕ್ಕ ಬೇಡ. ಅವತ್ತು ಬೆಳಗಿನ ಹನ್ನೊಂದರ ಹೊತ್ತು, ಯುಪಿಎಸ್ ಬ್ಯಾಟರಿಗೆ ನೀರು ಹಾಕಲು ಬರುತ್ತಿದ್ದ ಚೌಡೇಶ್, ಮೊದಲೂ ನಾಲ್ಕಾರು ಸಲ ಬಂದವನು, ಅಂಬಿಕಾ ಅಣ್ಣಾ ಎಂದೇ ಕರೆಯುತ್ತಿದ್ದಳು, ಅವಳ ಕೊರಳ ಸರಕ್ಕಾಗಿ ತಾಯಿ ಮಗಳು ಇಬ್ಬರನ್ನೂ. ಜಿಲ್ಲಾ ಕೋರ್ಟು ಗಲ್ಲು ಎಂದಿತು, ಹೈಕೋರ್ಟು ಸರಿ ಎಂದಿತು, ಸುಪ್ರೀಂ ಕೋರ್ಟೂ ಸರಿ ಎಂದಿತು, ರಾಜ್ಯಪಾಲರು ಕ್ಷಮಾದಾನದ ಅರ್ಜಿ ತಿರಸ್ಕರಿಸಿದರು, ಇನ್ನು ಉಳಿದದ್ದು ರಾಷ್ಟ್ರಪತಿ. ಇಪ್ಪತ್ತೆಂಟು ವರ್ಷದಿಂದ ಅವಳು ಪಿಯು ಮಕ್ಕಳಿಗೆ ಕಲಿಸಿದ್ದೂ ಅದೇ ರಾಷ್ಟ್ರಪತಿ, ನಾಮಮಾತ್ರ ಮುಖ್ಯಸ್ಥರು, ಐವತ್ಮೂರನೇ ವಿಧಿಯಲ್ಲಿ ಎಲ್ಲ ಅಧಿಕಾರ ಅವರದು, ಎಪ್ಪತ್ನಾಲ್ಕಕ್ಕೆ ಬರುವಷ್ಟರಲ್ಲಿ ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕದ್ದು, ಬರೆದುಕೊಳ್ಳಿ, ಐದು ಅಂಕದ ಪ್ರಶ್ನೆ.

ಅದನ್ನೇ ಅಲ್ಲವೇ ಕೊಟ್ರವ್ವನಿಗೂ ಹೇಳಿದ್ದು. ಮೂರು ವಾರದ ಹಿಂದೆ ಸ್ಟಾಫ್ ರೂಮಿನ ಬಾಗಿಲಲ್ಲಿ ಒಂದು ಮುದುಕಿ ಚಪ್ಪಲಿ ಹೊರಗೆ ಬಿಟ್ಟು ನಿಂತಿದ್ದಳು, ಯಾವ ಹುಡುಗಿಯ ಅಜ್ಜಿಯೋ ಎಂದುಕೊಂಡು ಬರ್ರಿ, ಕೂಡ್ರಿ ಎಂದಿದ್ದಳು ಪ್ರೇಮಲತಾ, ಕೂಡಲಿಲ್ಲ, ನಾನು ಚೌಡೇಶನ ತಾಯಿರಿ, ಹರಿಹರದಾಕಿ, ಎಂದಳು, ಸುತ್ತ ಪೇಪರ್ ತಿದ್ದುತ್ತಿದ್ದವರ ಪೆನ್ನುಗಳೆಲ್ಲ ನಿಂತವು. ರಾಷ್ಟ್ರಪತಿ ಅವ್ರಿಗೆ ಒಂದು ಕಾಗದ ಬರೀರಿ ಮೇಡಮ್ಮಾರೆ, ಸತ್ತೋರ ಮನಿಯೋರು ಬ್ಯಾಡ ಅಂದ್ರೆ ಅವ್ರು ಕೇಳಬಹುದಂತ ವಕೀಲ್ರು ಅಂದ್ರು. ಅವ್ರ ಕೈಯಾಗೆ ಏನೂ ಇಲ್ಲಮ್ಮ ಎಂದು ಪ್ರೇಮಲತಾ ಹೇಳಿದಳು, ಪಾಠದ ದನಿಯಲ್ಲೇ, ಮಂತ್ರಿಗಳು ಹೆಂಗೆ ಹೇಳ್ತಾರೋ ಹಂಗೆ ಸಹಿ ಹಾಕ್ತಾರೆ, ಅಷ್ಟೇ. ಅವ್ರ ಕೈಯಾಗೆ ಇಲ್ದಿದ್ರೆ ಹೋಗ್ಲಿರಿ, ನಿಮ್ಮ ಕೈಯಾಗೆ ಐತಲ್ರಿ ಎಂದಳು ಮುದುಕಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ಆಮೇಲಿನ ಪೀರಿಯಡ್ಡಿನಲ್ಲೇ ಗುಲ್ನಾಜ್ ಎದ್ದು ನಿಂತದ್ದು, ಎರಡನೇ ಬೆಂಚಿನ ಹುಡುಗಿ, ಏನು ಹೇಳಿದರೂ ಒಂದು ಪ್ರಶ್ನೆ ಅವಳದು, ಎಲ್ಲಾ ಮಂತ್ರಿಗಳೇ ಹೇಳೋದಾದ್ರೆ ಅವ್ರು ಯಾಕ ಬೇಕು ಮೇಡಂ, ಅಷ್ಟು ದೊಡ್ಡ ಮನೆ ಯಾಕ. ಕ್ಲಾಸು ನಕ್ಕಿತು. ಸಹಿ ಬೀಳೋಕೆ ಮುಂಚೆ ಇನ್ನೊಬ್ರು ಓದಬೇಕಲ್ಲಮ್ಮ, ಅದಕ್ಕೆ, ಓದಿ ಸರಿಯಿಲ್ಲ ಅನ್ನಿಸಿದ್ರೆ ಒಂದ್ಸಲ ವಾಪಸ್ ಕಳಿಸಬಹುದು, ಮತ್ತೆ ಅದೇ ಬಂದ್ರೆ ಸಹಿ ಹಾಕಲೇಬೇಕು, ಎಂದು ಹೇಳುತ್ತಲೇ ಪ್ರೇಮಲತಾಳ ಕಿವಿಗೆ ಅವಳದೇ ಮಾತು ಬೇರೆ ಯಾರೋ ಹೇಳಿದಂತೆ ಕೇಳಿಸಿತು, ಸೀಮೆಸುಣ್ಣ ಕೈಯಲ್ಲೇ ಇತ್ತು.

ಏಕೆಂದರೆ ಅವಳು ಓದಿರಲಿಲ್ಲ. ಗಲ್ಲೇ ಆಗಬೇಕೆಂಬ ಪತ್ರ, ಗೃಹ ಇಲಾಖೆಗೊಂದು, ರಾಜ್ಯಪಾಲರಿಗೊಂದು, ಎರಡೂ ಸಲ ತಮ್ಮ ಹನುಮೇಶ್ ಟೈಪ್ ಮಾಡಿಸಿ ತಂದಿದ್ದ, ಅಕ್ಕ, ಇಲ್ಲಿ ಸಹಿ ಮಾಡು, ಮನಿಗೆ ದೊಡ್ಡಾಕಿ ನೀನು — ಅಂಬಿಕಾಳ ಗಂಡ ಮತ್ತೊಂದು ಮದುವೆಯಾಗಿ ಊರು ಬಿಟ್ಟಾಗಿತ್ತು, ನಿಮಗೆ ಹೆಂಗೆ ತೋರುತ್ತೋ ಹಂಗೆ ಮಾಡ್ರಿ ಎಂದುಬಿಟ್ಟಿದ್ದ — ಅವಳು ಕನ್ನಡಕ ಹುಡುಕುವ ಗೋಜಿಗೂ ಹೋಗದೆ ಸಹಿ ಮಾಡಿದ್ದಳು. ಹನುಮೇಶನ ತಪ್ಪೇನಿದೆ, ಹೆಣ ಗುರುತಿಸಿದವನು ಅವನು, ಒಂದು ತಾರೀಖೂ ತಪ್ಪಿಸದೆ ಕೋರ್ಟಿನ ಬೆಂಚಿನಲ್ಲಿ ಕೂತವನು, ಪರೀಕ್ಷೆ ಡ್ಯೂಟಿ ಇದೆ ಎಂದು ಮನೆಯಲ್ಲಿ ಉಳಿದವಳು ಅವಳು. ಮೊನ್ನೆ ಗುರುವಾರ ಸರಸ್ವತಿ ನಗರದ ಮನೆಗೆ ಮೂರನೆಯದನ್ನು ತಂದ, ರಾಷ್ಟ್ರಪತಿಗಳಿಗೆ, ಕ್ಷಮಾದಾನ ಕೊಡಕೂಡದು ಎಂದು. ಕನ್ನಡಕ ಹಾಕಿಕೊಂಡು ಓದಿದಳು. ಕುಟುಂಬದ ಹಿರಿಯಳಾದ ನಾನು ಹನ್ನೆರಡು ವರ್ಷದಿಂದ ಒಂದು ರಾತ್ರಿಯೂ ನಿದ್ದೆ ಮಾಡಿಲ್ಲ, ಆತನ ಪ್ರಾಣ ಹೋದ ದಿನವೇ ನನಗೆ ಶಾಂತಿ. ಸುಳ್ಳು, ನಿದ್ದೆ ಬರುತ್ತದೆ, ಬರುವುದೇ ಅವಳಿಗೆ ನಾಚಿಕೆ. ಇದು ನನ್ನ ಮಾತಲ್ಲ ಹನುಮೇಶ್, ಇನ್ನೊಂದ್ಸಲ ಬರ್ಕೊಂಡು ಬಾ ಎಂದಳು, ಅವನು ಹಾಳೆ ಮಡಿಸಿಕೊಂಡು ಹೋದ, ನಿನ್ನೆ ಸಂಜೆ ಮತ್ತೆ ಬಂದ, ಒಂದಕ್ಷರ ಬದಲಾಗಿರಲಿಲ್ಲ. ವಕೀಲ್ರು ಇದೇ ಸರಿ ಅಂತಾರೆ ಅಕ್ಕ, ಇಟ್ಟು ಹೋಗ್ತೀನಿ, ಸಹಿ ಮಾಡಿಡು. ಮತ್ತೆ ಅದೇ ಬಂದರೆ ಸಹಿ ಹಾಕಲೇಬೇಕು ಎಂಬುದು ರಾಷ್ಟ್ರಪತಿಗೆ, ನನಗೆ ಹಾಗೆಂದು ಬರೆದವರು ಯಾರು, ಟೀಪಾಯಿ ಮೇಲಿನ ಆ ಹಾಳೆಯ ಪಕ್ಕದಲ್ಲೇ ಕೂತು ಬೇರೆ ಹಾಳೆಯಲ್ಲಿ ಬರೆದಳು, ಬೆಳಗ್ಗೆ ಕಾಲೇಜಿಗೆ ಹೋಗುವ ಮುಂಚೆ ಮತ್ತೊಮ್ಮೆ ಓದಿ ಸಹಿ ಮಾಡಿದಳು — ಬಸ್ಸು ನಿಂತಿತು, ಹರಿಹರ, ಇಳೀರಿ ಇಳೀರಿ.

ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿ, ರೊಟ್ಟಿ ಮಾಡಿ ಮಾರೋ ಕೊಟ್ರವ್ವನ ಮನಿ ಯಾವುದು ಎಂದರೆ ಎಲ್ಲರಿಗೂ ಗೊತ್ತು, ತೋರಿಸಿದವರ ಕಣ್ಣಿನಲ್ಲಿ ಇನ್ನೊಂದೂ ಗೊತ್ತಿದ್ದದ್ದು ಕಂಡಿತು. ಮುದುಕಿಯ ಕೈ ಜೋಳದ ಹಿಟ್ಟಾಗಿತ್ತು, ಪ್ರೇಮಲತಾ ಕಾಗದ ಚಾಚಿದಾಗ ಒರೆಸಿಕೊಳ್ಳಲು ಹೋದಳು, ಒರೆಸಿಕೊಳ್ಳಲಿಲ್ಲ. ನನಗ ಓದಾಕ ಬರಲ್ರಿ, ನೀವೇ ಓದ್ರಿ. ಪ್ರೇಮಲತಾ ನಿಂತುಕೊಂಡೇ ಓದಿದಳು. ಮಾನ್ಯ ರಾಷ್ಟ್ರಪತಿಯವರಿಗೆ, ನಾನು ಕೊಲೆಯಾದ ಅಂಬಿಕಾಳ ಅಕ್ಕ. ಚೌಡೇಶನನ್ನು ನಾನು ಕ್ಷಮಿಸಿಲ್ಲ, ಮುಂದೆ ಕ್ಷಮಿಸುತ್ತೇನೆಂಬ ನಂಬಿಕೆಯೂ ಇಲ್ಲ. ಹಿಂದೆ ನನ್ನ ಹೆಸರಿನಲ್ಲಿ ಬಂದ ಎರಡು ಪತ್ರಗಳಿಗೆ ಓದದೆ ಸಹಿ ಮಾಡಿದ್ದೆ. ಅವನನ್ನು ಗಲ್ಲಿಗೇರಿಸುವುದು ನನಗೆ ಬೇಡ, ಸೆರೆಮನೆಯಲ್ಲೇ ಬದುಕಲಿ. ಇದನ್ನು ನಾನೇ ಬರೆದಿದ್ದೇನೆ, ಓದಿದ್ದೇನೆ. ಅಷ್ಟೇ ಎಂದು ಮಡಿಸಿದಳು. ಕ್ಷಮಿಸಿಲ್ಲ ಅಂತ ಯಾಕ ಬರೆದ್ರಿ ಎಂದು ಮುದುಕಿ ಕೇಳುತ್ತಾಳೆಂದು ಕಾದಳು. ಕೊಟ್ರವ್ವ ಕೇಳಿದ್ದು ಬೇರೆ, ಅವ್ರು ಓದ್ತಾರೇನ್ರಿ. ಗೊತ್ತಿಲ್ಲಮ್ಮ, ಓದಬಹುದು, ಓದಿದ್ರೂ ತೀರ್ಮಾನ ಅವ್ರದಲ್ಲ. ಇರ್ಲಿರಿ, ಓದ್ಲಿ. ಇಬ್ಬರೂ ಕೂಡಿ ಪೋಸ್ಟಾಫೀಸಿಗೆ ನಡೆದರು, ಮುದುಕಿ ಎರಡು ಹೆಜ್ಜೆ ಹಿಂದೆ, ಎಷ್ಟು ನಿಧಾನ ಮಾಡಿದರೂ ಎರಡು ಹೆಜ್ಜೆ ಹಿಂದೆಯೇ. ಕೌಂಟರಿನಲ್ಲಿದ್ದವನು ವಿಳಾಸ ಟೈಪ್ ಮಾಡಿದ, ರಾಷ್ಟ್ರಪತಿ ಭವನ, ನವದೆಹಲಿ, ತಲೆ ಎತ್ತಲಿಲ್ಲ, ಫ್ರಂ ಅಡ್ರೆಸ್ಸಿನಾಗೆ ಫೋನ್ ನಂಬರ್ ಹಾಕಿಲ್ಲ ನೋಡ್ರಿ ಮೇಡಂ, ಹಾಕಿದಳು. ರಸೀದಿ ಹಿಡಿದು ಹೊರಗೆ ಬರುವಾಗಲೇ ಹನುಮೇಶನ ಫೋನು. ಸಹಿ ಮಾಡಿದ್ಯಾ ಅಕ್ಕ. ನಿನ್ನದಕ್ಕೆ ಮಾಡಿಲ್ಲ, ನಾನೇ ಬೇರೆ ಬರೆದು ಕಳಿಸಿದೆ, ಗಲ್ಲು ಬ್ಯಾಡ ಅಂತ. ಆ ಕಡೆ ಯಾವುದೋ ಲಾರಿಯ ಹಾರನ್ನು. ಆ ಮಗೀನ ನಾನು ಎತ್ತಿದೀನಿ ಅಕ್ಕ, ನೀ ಎತ್ತಿಲ್ಲ, ಎಂದ, ಕೂಗಲಿಲ್ಲ. ಹೌದು ಹನುಮೇಶ್. ಹಂಗಾದ್ರೆ ಆ ಕಾಗದ ನಿನ್ನ ಹೆಸರು ಬಿಟ್ಟು ನನ್ನ ಹೆಸರಿನಾಗೆ ಕಳಿಸ್ತೀನಿ, ಎಂದ. ಕಳಿಸು, ಅದು ನಿಂದೇ, ಎಂದಳು, ಫೋನು ನಿಂತಿತು. ಹಬ್ಬಕ್ಕೆ ಬರುತ್ತಾನೋ ಇಲ್ಲವೋ, ಬರದಿದ್ದರೆ ಬರದಿರಲಿ ಎಂದುಕೊಳ್ಳಲು ಆಗಲಿಲ್ಲ.

ಚಾ ಕುಡ್ಕೊಂಡು ಹೋಗ್ರಿ ಎಂದಳು ಕೊಟ್ರವ್ವ, ಬೇಡವೆನ್ನಬೇಕೆಂದುಕೊಂಡೇ ಮತ್ತೆ ಆ ಮನೆಯೊಳಗೆ ಬಂದು ಕೂತಿದ್ದಾಳೆ, ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಆನಿಸಿದ ಗ್ಯಾಸ್ ಒಲೆ, ಹಾಲಿನ ಪಾತ್ರೆ, ಹಾಲು ಏರುತ್ತಿದೆ, ಮುದುಕಿಯ ಕೈ ನಾಬ್ ತಿರುಗಿಸಿತು — ತೀರ್ಪಿನಲ್ಲಿ ಇತ್ತು, ಅಂಬಿಕಾಳ ಅಡುಗೆಮನೆಯ ಪಂಚನಾಮೆಯ ಸಾಲು, ಒಲೆಯ ಮೇಲೆ ಹಾಲಿನ ಪಾತ್ರೆ, ಹಾಲು ಕಾದು ಕೆನೆಗಟ್ಟಿದೆ, ಉಕ್ಕಿಲ್ಲ, ಗ್ಯಾಸ್ ಆರಿಸಲಾಗಿದೆ, ಅದನ್ನು ಓದಿದಂದಿನಿಂದ ಕುಕ್ಕರಿನ ಮುಂದೆ, ಬೋರ್ಡಿನ ಮುಂದೆ, ಎಲ್ಲೆಂದರಲ್ಲಿ ಬರುವುದು ಅದೇ, ಸರ್ಕಾರಿ ವಕೀಲರು ಹೇಳಿದ್ದರಂತೆ ಚೌಡೇಶನೇ ಆರಿಸಿದ, ಅಷ್ಟು ತಣ್ಣಗಿದ್ದ ಎಂದು, ಅವನ ವಕೀಲರು ಹೇಳಿದರಂತೆ ಅವನೇ ಆರಿಸಿದ, ಅಷ್ಟಾದರೂ ಮನುಷ್ಯನಾಗಿದ್ದ ಎಂದು, ಬೆರಳಚ್ಚು ಸಿಗಲಿಲ್ಲ, ಬಾಗಿಲು ಬಡಿದ ಸದ್ದಿಗೆ ಅಂಬಿಕಾಳೇ ಆರಿಸಿ ಹೋಗಿದ್ದರೆ, ಬಂದೆ ಅಣ್ಣಾ ಎಂದು — ನೀಲಿ ಉರಿ, ಒಂದು ಕೈ, ಬಳೆ ಇದ್ದ ಕೈಯೋ ಇಲ್ಲದ ಕೈಯೋ, ತಿರುಗಿಸುತ್ತದೆ, ಹಾಲು ಪಾತ್ರೆಯ ಅಂಚಿನವರೆಗೆ ಬಂದು, ಅಲ್ಲಿಯೇ ನಿಲ್ಲುತ್ತದೆ, ಯಾರದೆಂದು ತಿಳಿಯದ ಒಂದು ಕೈ —