ಕಾಲಿನ ಹೆಬ್ಬೆರಳು

ಒಂಬತ್ತನೇ ಸಲವೂ ಮೈದುನ ಬಿಂದುಮಾಧವ ಫೋನ್ ಎತ್ತಲಿಲ್ಲ. ಜಲಜಾಕ್ಷಿ ಮೊಬೈಲನ್ನು ಸೆರಗಿಗೆ ಒರೆಸಿ ಮತ್ತೆ ಅದೇ ಹೆಸರನ್ನು ಒತ್ತಿದಳು.

ಹಾಲ್‌ನಲ್ಲಿ ಗಂಡ ಉಮಾನಾಥ ಚಾಪೆಯ ಮೇಲೆ ಮಲಗಿದ್ದರು. ಬೆಳಗಾಗುವಾಗ ಹೋಟೆಲಿನ ಬೀಗದ ಕೈ ತೆಗೆದುಕೊಂಡು, "ಎದೆ ಹಿಡಿದ ಹಾಗೆ ಆಗ್ತದೆ ಮಾರಾಯ್ತಿ" ಎಂದು ಕೂತವರು ಮತ್ತೆ ಏಳಲಿಲ್ಲ. ಡಾಕ್ಟರು ಬಂದು ನೋಡಿ ಹೋಗಿದ್ದರು. ಪಕ್ಕದ ಮನೆಯ ಗುಂಡವ್ವ ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ದಾರ ಕಟ್ಟಿದ್ದಳು.

"ಅಮ್ಮ, ಚಿಕ್ಕಪ್ಪನ ರಿಪ್ಲೈ ಬಂತು," ಎಂದಳು ಮಗಳು ಹರ್ಷಿಣಿ. ಅಪ್ಪನ ಫೋಟೋ ಕಳಿಸಿದ್ದು ಅವಳೇ. ಉತ್ತರ ಒಂದೇ ಸಾಲು: 'ಈ ಸಿನಿಮಾ ನೋಡಿ ಆಗಿದೆ.'

"ಕಮಾಲ್ ಆಹೆ! ಇಂಥಾ ದಿನ ಹೀಗೆ ಬರೀತಾರಾ?" ಎಂದು ಹರ್ಷಿಣಿ ಅರ್ಧ ಮರಾಠಿಯಲ್ಲೇ ರೇಗಿದಳು.

"ಅವನನ್ನು ಬೈಬೇಡ," ಎಂದಳು ಜಲಜಾಕ್ಷಿ.

"ಸಂಭಾಜಿನಗರದಿಂದ ಅಂವ ಬರಾಕ ನಾಕು ತಾಸು ಬೇಕ್ರಿ," ಎಂದಳು ಗುಂಡವ್ವ. "ಈಗ ಒಂಬತ್ತು. ಸ್ಮಶಾನದ ಗಾಡಿ ಎರಡಕ್ಕ ಬರ್ತೈತಿ. ಒಬ್ಬನ ಒಬ್ಬ ತಮ್ಮ, ಹೆಗಲು ಕೊಡಲಿಲ್ಲಂದ್ರ ಹೆಂಗ?"

"ಬೆಂಕಿ ನಾನೇ ಇಡ್ತೇನೆ ಅಮ್ಮ. ಅದರ ಟೆನ್ಶನ್ ನಕೋ."

ಜಲಜಾಕ್ಷಿಯ ಚಿಂತೆ ಬೆಂಕಿಯದಲ್ಲ. ಎದ್ದಳು, ಅಡುಗೆಮನೆಗೆ ಹೋದಳು, ಇಂದು ಹೊತ್ತಿಸಬಾರದ ಒಲೆಯನ್ನು ನೋಡಿ ತಿರುಗಿ ಬಂದಳು. ತಮ್ಮನ ಸಿಟ್ಟನ್ನು ತಲೆಯ ಮೇಲೆ ಹೊತ್ತುಕೊಂಡೇ ಈ ಮನುಷ್ಯ ಗಾಡಿ ಹತ್ತುತ್ತಾರಲ್ಲ ಎನ್ನುವುದು ಅವಳ ಸಂಕಟ. ಆ ಸಿಟ್ಟು ನಿಜವಾಗಿ ಇವರ ಪಾಲಿನದೇ ಅಲ್ಲ.

*

ಎಂಟು ತಿಂಗಳ ಹಿಂದಿನ ಮಾತು. ಬಿಡುವಿನಲ್ಲಿ ಊರವರನ್ನೇ ಸೇರಿಸಿ ಸಿನಿಮಾ ತೆಗೆಯುವ ಮಾಲೇಗಾಂವ್‌ನ ಮಗ್ಗದ ಕೆಲಸಗಾರ ಅಕ್ಷಯ ಹೋಟೆಲಿಗೆ ಊಟಕ್ಕೆ ಬಂದವನು ಉಮಾನಾಥರ ನಡಿಗೆಗೇ ಮರುಳಾದ. ಮೂವತ್ತೆಂಟು ವರ್ಷ ಟೇಬಲಿಂದ ಟೇಬಲಿಗೆ ಓಡಾಡಿ ಸವೆದ ಮಂಡಿ. ಒಂದು ಕಾಲು ಎತ್ತಿಟ್ಟರೆ ಇನ್ನೊಂದು ಎಳೆದುಕೊಂಡು ಬರುತ್ತಿತ್ತು.

"ಕಾಕಾ, ನಾನು ಜೋಂಬಿ ಸಿನಿಮಾ ಮಾಡ್ತಿದ್ದೇನೆ. ಹೀರೋ ನೀವೇ."

ಕತೆ ಏನೆಂದರೆ, ಸತ್ತ ಹೋಟೆಲಿನವನೊಬ್ಬ ಹೆಣವಾಗಿಯೇ ಎದ್ದು ಬರುತ್ತಾನೆ. ಯಾರನ್ನೂ ಕಚ್ಚುವುದಿಲ್ಲ. ಊರೆಲ್ಲ ದೊಣ್ಣೆ ಹಿಡಿದು ಬೆನ್ನಟ್ಟಿದರೂ ನಿಧಾನಕ್ಕೆ ನಡೆದು ತನ್ನ ಹೋಟೆಲಿಗೆ ಹೋಗಿ ಟೇಬಲ್ ಒರೆಸುತ್ತಾನೆ. "ಅರ್ಧ ಹೆದರಿಕೆ, ಅರ್ಧ ನಗು, ಅರ್ಧ ಅಳು, ನಡುವೆ ಒಂದು ಲವ್ ಸಾಂಗ್," ಎಂದು ಉಮಾನಾಥ ಮನೆಯಲ್ಲಿ ಲೆಕ್ಕ ಒಪ್ಪಿಸಿದ್ದರು.

ಚಟ್ಟದ ದೃಶ್ಯ ತೆಗೆಯುವ ದಿನ, ಮನೆಯಿಂದ ಹೊರಡುವ ಮುಂಚೆ, ಟೆರೇಸಿನಲ್ಲಿ ಕಾಗೆಯೊಂದು ಅವರ ತಲೆಗೆ ಬಡಿದು ಹೋಯಿತು. ಜಲಜಾಕ್ಷಿಯ ಜೀವ ಬಾಯಿಗೆ ಬಂತು. ಅವಳ ಊರಿನಲ್ಲಿ ಇದಕ್ಕೆ ಪರಿಹಾರ ಒಂದೇ: ಹತ್ತಿರದವರೊಬ್ಬರಿಗೆ ಸತ್ತ ಸುದ್ದಿ ಮುಟ್ಟಿಸಬೇಕು. ಅವರು ಅತ್ತರೆ ಕಂಟಕ ಕಳೆಯಿತು. ಆಮೇಲೆ ನಿಜ ಹೇಳಿದರಾಯಿತು. ಮಧ್ಯಾಹ್ನ, ಗಂಡ ಮನೆಯಲ್ಲೇ ಬಿಟ್ಟುಹೋದ ಮೊಬೈಲಿಗೆ ಅಕ್ಷಯ ಅವರದೇ ಹೆಣದ ವೇಷದ, ಹಾರ ಹಾಕಿದ ಫೋಟೋ ಕಳಿಸಿದಾಗ, ಆ ಮೊಬೈಲಿನಿಂದಲೇ ಅವಳು ಅದನ್ನು ಮೈದುನನಿಗೆ ದಾಟಿಸಿದಳು. ಮಾಲೇಗಾಂವ್‌ನಲ್ಲಿ ಹೀಗಾಯಿತು ಎಂದು ಬರೆದಳು.

ಕಾಲು ಗಂಟೆಯ ಮೇಲೆ ನಿಜ ಹೇಳಲು ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಸಂಭಾಜಿನಗರದ ಚಿಕಲಠಾಣಾದಲ್ಲಿದ್ದ ತನ್ನ ಹೋಟೆಲಿನ ಶಟರ್ ಎಳೆದು ಆಗಲೇ ಹೊರಟುಬಿಟ್ಟಿದ್ದ.

ಅವನು ಮಾಲೇಗಾಂವ್ ತಲುಪಿದಾಗ ಕ್ಯಾಮೆರಾ ಓಡುತ್ತಿತ್ತು. ಜನರ ನಡುವೆ ನುಗ್ಗಿದವನು ಅಣ್ಣನ ಕಾಲ ಮೇಲೆ ಬಿದ್ದು ಗೋಳೋ ಎಂದು ಅತ್ತ. ಅಷ್ಟು ಒಳ್ಳೆಯ ಅಳು ಯಾವ ನಟನಿಂದ ಸಿಕ್ಕೀತು? ಅಕ್ಷಯ ಕಟ್ ಹೇಳಲಿಲ್ಲ. ಬಿಂದುಮಾಧವನ ಕೆನ್ನೆಯ ಕೆಳಗೆ ಹೆಣದ ಹೆಬ್ಬೆರಳು ಎರಡು ಸಲ ಅಲ್ಲಾಡಿತು.

"ಆ ಫೋಟೋ ಕಳಿಸಿದ್ದು ಯಾರು?" ಎಂದು ಅವನು ಕೂಗಾಡಿದಾಗ ಉಮಾನಾಥ, "ನಾನೇ, ತಮಾಷೆಗೆ," ಎಂದುಬಿಟ್ಟರು.

"ಇನ್ನು ನೀನು ನಿಜವಾಗಿ ಸತ್ತರೂ ಬರುದಿಲ್ಲ!"

ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಇಷ್ಟೇ: "ನನ್ನ ಮೇಲಿನ ಸಿಟ್ಟು ನಾಳೆ ಇಳೀತದೆ. ನಿನ್ನ ಮೇಲೆ ಬಂದರೆ ಅವ ಈ ಮನೆ ಹೊಸ್ತಿಲೇ ತುಳಿಯುದಿಲ್ಲ."

*

ಜಲಜಾಕ್ಷಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಮೊಬೈಲಿನ ಮೈಕ್ ಒತ್ತಿ ಹಿಡಿದಳು.

"ಬಿಂದು, ನಾನು ಅತ್ತಿಗೆ. ಆ ಫೋಟೋ ಕಳಿಸಿದ್ದು ನಾನು. ಅಣ್ಣನ ತಲೆಗೆ ಕಾಗೆ ಬಡಿದಿತ್ತು, ಹೆದರಿ ಹೋದೆ. ನೀನೇ ಅಳ್ಬೇಕು ಅಂತ ಕಂಡಿತು, ನಿನ್ನಷ್ಟು ಅವರಿಗೆ ಅಳುವವರು ಬೇರೆ ಯಾರಿದ್ದಾರೆ? ಅಣ್ಣ ನನ್ನನ್ನು ಉಳಿಸಲಿಕ್ಕೆ ಸುಳ್ಳು ಹೇಳಿದ್ದು. ಇವತ್ತು ಸುಳ್ಳಲ್ಲ, ಬಿಂದು. ನನ್ನ ಮುಖ ನೋಡ್ಬೇಡ ಬೇಕಾದರೆ. ಅವರ ಮುಖ ನೋಡಿ ಹೋಗು."

ಮೆಸೇಜಿನ ಕೆಳಗಿನ ಗೀಟು ಎರಡೂ ನೀಲಿಯಾದವು. ಉತ್ತರ ಬರಲಿಲ್ಲ.

ಹನ್ನೊಂದಾಯಿತು, ಹನ್ನೆರಡಾಯಿತು. ಅವಳು ಬಾಲ್ಕನಿಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಅಷ್ಟರಲ್ಲಿ ಬೈಕಿನಲ್ಲಿ ಅಕ್ಷಯ ಬಂದ. ಅವಳ ಪಕ್ಕ ನಿಂತು ತಲೆ ತಗ್ಗಿಸಿದ.

"ಕಾಕೂ, ಆ ಅಳುವ ಸೀನ್ ತೆಗೆದುಹಾಕ್ತೇನೆ ಅಂದಿದ್ದೆ. ಕಾಕಾ ಬಿಡಲಿಲ್ಲ. 'ತಮ್ಮ ನನಗಾಗಿ ಅಳೋದನ್ನ ನಾನೇ ಕೇಳಿದೆ, ಯಾರಿಗುಂಟು ಈ ಭಾಗ್ಯ' ಅಂದ್ರು."

ಜಲಜಾಕ್ಷಿ ಬಗ್ಗಿ ರಸ್ತೆ ನೋಡಿದಳು.

ಎರಡಕ್ಕೆ ಗಾಡಿ ಬಂತು. ಎರಡೂಕಾಲಿಗೆ ಡ್ರೈವರ್ ಹಾರ್ನ್ ಒತ್ತಿದ. "ಇನ್ನ ಎತ್ತೂಣ್ರಿ ಅಕ್ಕಾರ," ಎಂದಳು ಗುಂಡವ್ವ. ನಾಲ್ಕು ಜನ ಬಗ್ಗಿ ಚಟ್ಟಕ್ಕೆ ಕೈ ಹಾಕಿದರು.

"ಐದು ನಿಮಿಷ ತಡೀರಿ," ಎಂದಳು ಜಲಜಾಕ್ಷಿ. ಈ ಮಾತು ಹೇಳುತ್ತಿರುವುದು ಅದು ಮೂರನೇ ಸಲ.

ಮೆಟ್ಟಿಲಿನಲ್ಲಿ ಏದುಸಿರು ಕೇಳಿಸಿತು. ಹೋಟೆಲಿನ ಎಣ್ಣೆ ಕಲೆಯ ಅಂಗಿಯಲ್ಲೇ ಬಂದಿದ್ದ ಬಿಂದುಮಾಧವ ಬಾಗಿಲಲ್ಲಿ ನಿಂತ. ಅತ್ತಿಗೆಯ ಮುಖ ನೋಡಲಿಲ್ಲ. ಅಳಲೂ ಇಲ್ಲ. ನೇರ ಬಂದು ಅಣ್ಣನ ಕಾಲ ಬುಡದಲ್ಲಿ ಕೂತ.

"ಎಂತ ಇಷ್ಟು ಬಿಗಿ ಕಟ್ಟಿದ್ದು?" ಎಂದ.

ಉಗುರಿನಿಂದ ಗಂಟು ಬಿಡಿಸಿದ. ದಾರ ಸಡಿಲವಾಯಿತು. ಬಲಗಾಲಿನ ಹೆಬ್ಬೆರಳ ಹತ್ತಿರಕ್ಕೆ ಮುಖ ತಂದು, ಉಸಿರು ಬಿಗಿಹಿಡಿದು ನೋಡುತ್ತ ಕೂತ. ಕೆಳಗೆ ಮತ್ತೆ ಹಾರ್ನ್ ಆಯಿತು. ಚಟ್ಟ ಎತ್ತಲು ಬಗ್ಗಿದ್ದ ನಾಲ್ವರೂ ಬಗ್ಗಿದಂತೆಯೇ ಆ ಹೆಬ್ಬೆರಳನ್ನು ನೋಡತೊಡಗಿದರು.